ಹಣ್ಣೆಲೆ ನೋಡಲು ಹೊರಟಿದ್ದು

ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಬ್ಯಾಡಗಿಯ ನಮ್ಮ ಪುಸ್ತಕದಂಗಡಿಗೆ ಬಂದು ಯಾರಾದರೂ ದಾರಿ ಕೇಳಿದರೆ, ನಾನು ಕಂಡಿರದ ಊರಿಗೂ ಕೈ ಮಾಡಿ ತೋರಿಸುತ್ತೇನೆ. ಹೋದವರಾರೂ ಮರಳಿ ಬಂದು ಜಗಳಾಡಿಲ್ಲ. ತಲುಪಿರಬೇಕು, ಇಲ್ಲವೇ ಇನ್ನೂ ತಿರುಗುತ್ತಿರಬೇಕು.

ಈ ಚಳಿಗಾಲದಲ್ಲಿ ನನ್ನ ಹೆಂಡತಿ ಗಿರಿಜಾಳ ಕಣ್ಣಿನ ಪೊರೆ ತೆಗೆದರು. ಆಮೇಲೆ ಅವಳಿಗೆ ಬಣ್ಣದ ಹುಚ್ಚು ಹಿಡಿಯಿತು. ಸೀರೆಗಳನ್ನು ಹರವಿಕೊಂಡು ಕೂತು, “ಇದು ನೀಲಿ ಅಂತ ಗೊತ್ತಿದ್ರ ಉಡತಿದ್ದೆ, ಬೂದಿ ಬಣ್ಣ ಅಂತ ಒಳಗ ಇಟ್ಟಿದ್ದೆ” ಎಂದು ಮರುಗುವಳು. ದೀಪಾವಳಿಗೆ ಕಾಶ್ಮೀರಕ್ಕೆ ಹೋಗಿದ್ದ ಅವಳ ತಂಗಿ ಕಳಿಸಿದ್ದ ಕೆಂಪೆಲೆಗಳ ಫೋಟೋ ಈಗ ಅವಳಿಗೆ ಸರಿಯಾಗಿ ಕಂಡಿತು.

“ಇಂಥಾ ಎಲಿ ನಮ್ಮ ಕಡೆ ಇಲ್ಲೇನ್ರಿ?”

“ಇಲ್ದ ಏನು? ರಾಣೇಬೆನ್ನೂರ ಕಡೆ ಸಾಗವಾನಿ ತೋಪು ಐತಿ. ಈಗ ನೋಡಬೇಕು ಅದರ ಬಣ್ಣಾನ!” ಎಂದುಬಿಟ್ಟೆ.

ಡಾಕ್ಟರು ಒಪ್ಪಿದ ಮೇಲೆ, ಮಾಘದ ಒಂದು ಭಾನುವಾರ ಅವಳಿಗೆ ಕರಿ ಕನ್ನಡಕ ಹಾಕಿಸಿ, ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೊರಟೆವು. ತೋಪಿನಲ್ಲಿ ಒಂದೆಲೆ ಇರಲಿಲ್ಲ. ಮರಗಳು ಕಟ್ಟಿಗೆ ಅಡ್ಡೆಯಲ್ಲಿ ನಿಲ್ಲಿಸಿದ ತೊಲೆಗಳ ಹಾಗಿದ್ದವು. ಕೆಳಗೆ ಬಿದ್ದದ್ದನ್ನು ದನ ತುಳಿದು ಪುಡಿ ಮಾಡಿದ್ದವು. “ನಿನ್ನಿ ಗಾಳಿ ಬೀಸಿರಬೇಕು” ಎಂದೆ. ಗಿರಿಜಾ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬರಿಗೈಲಿ ಮನೆಗೆ ಮರಳಲು ಹೆದರಿ ಯಾವ್ಯಾವುದೋ ದಾರಿ ಹಿಡಿದು ಹಲಗೇರಿ ಮುಟ್ಟಿದೆವು. ನೀರು ಕೇಳಲು ಒಂದು ಮನೆಯ ಮುಂದೆ ನಿಂತರೆ, ಅಂಗಳದಲ್ಲಿ ಬಾದಾಮಿ ಮರ! ಬುಡದಿಂದ ತುದಿಯವರೆಗೆ ಕೆಂಪು. ಕೆಳಗೆ ಮನೆಯೊಡತಿ, ನೀಲವ್ವ ಎಂಬ ಮುದುಕಿ, ಕಸಬರಿಗೆ ಹಿಡಿದು ಮರವನ್ನು ಬೈಯುತ್ತಿದ್ದಳು.

“ಕಸಾ ಬಳದಂಗ ಬಳದಂಗ ಉದರತೈತ್ರಿ. ನನ್ನ ನಡಾ ಮುರಿಯಾಕಂತನ ಹುಟ್ಟಿದ ಗಿಡಾ. ಯುಗಾದಿ ಮುಗೀಲಿ, ಕಡಸತೇನಿ.”

“ಅಯ್ಯ, ಬ್ಯಾಡ್ರಿ ಯವ್ವಾ. ಈಗರ ಒಂದೀಟು ತಡೀರಿ, ನೋಡತೇನಿ” ಎಂದಳು ಗಿರಿಜಾ.

“ಏನ ನೋಡತಿ, ಕಸಾನ?”

ಗಿರಿಜಾ ತನ್ನ ಕಣ್ಣಿನ ಕಥೆ ಹೇಳಿದಳು. ಕನ್ನಡಕ ಹಣೆಗೇರಿಸಿ, ಒಂದೆಲೆಯನ್ನು ಬೆಳಕಿಗೆ ಹಿಡಿದು, “ಕುಂಕುಮ ಐತಿ, ಅರಿಷಿಣ ಐತಿ. ಇಲ್ನೋಡ್ರಿ, ನರದ ಗುಂಟ ಇನ್ನೂ ಹಸರು” ಎಂದು ಬೆರಳಿಟ್ಟು ತೋರಿಸಿದಳು. ನೀಲವ್ವ ಕಸಬರಿಗೆ ಇಟ್ಟು ಕಟ್ಟೆಗೆ ಕೂತಳು. ತಾನೂ ಒಂದೆಲೆ ಎತ್ತಿಕೊಂಡಳು.

“ನಮ್ಮ ಅತ್ತಿ ಹಚ್ಚಿದ ಗಿಡಾ, ತಂಗಿ. ಇಷ್ಟ ವರ್ಷ ಬಳದೇನಿ ಖರೇ, ಹಿಂಗ ಹಿಡದು ನೋಡಿದ್ದಿಲ್ಲ.”

“ಹಂಗಾರ ಕಡಸೂದಿಲ್ಲಲ್ಲ?”

“ಬಳಿಯಾಕ ನೀ ಬರತೀಯೇನು?” ಎಂದು ಮುದುಕಿ ನಕ್ಕಳು. ಕಡಿಸುವ ಮಾತು ಮತ್ತೆ ಬರಲಿಲ್ಲ.

ಆ ಮರದ ಕೆಳಗೇ ಮೂವರೂ ರೊಟ್ಟಿ ತಿಂದೆವು. ಹೊಟ್ಟೆ ತುಂಬುತ್ತಲೇ ನನಗೆ ಧೈರ್ಯ ಬಂತು. “ಇದನ್ನ ತೋರಸಾಕಂತನ ಈ ದಾರಿ ಹಿಡದಿದ್ದೆ” ಎಂದು ಮೀಸೆ ತಿರುವಿದೆ. ಗಿರಿಜಾ ಕನ್ನಡಕ ತೆಗೆದು ನನ್ನ ಮುಖವನ್ನೇ ದಿಟ್ಟಿಸುತ್ತ ಹತ್ತಿರ ಬಂದಳು. ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ! ನಾನು ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ಕೂತೆ.

“ಮನಿಯೊಳಗ ಗೊತ್ತಾಗಿದ್ದಿಲ್ಲ. ನೀವು ಬಣ್ಣ ಹಚ್ಚಿದ ಮೀಸಿ ಕರೇದಲ್ಲರಿ, ಕೆಂಪ ಐತಿ!”

“ಬಿಸಲಿಗೆ ಹಂಗ ಕಾಣತೈತಿ” ಎಂದೆ.

“ಬಂದಾಗನ ನೋಡಿದ್ದೆ, ತಂಗಿ,” ಎಂದಳು ನೀಲವ್ವ, “ಏನೋ ಹರಕಿ ಇರಬೇಕಂತ ಸುಮ್ಮನಿದ್ದೆ.”

ಗಿರಿಜಾ ಬ್ಯಾಡಗಿ ಮುಟ್ಟುವವರೆಗೂ ಹಿಂದೆ ಕೂತು ನಕ್ಕಳು. ನಾನು, ದಾರಿಯಲ್ಲಿ ಧೂಳು ಬಹಳ ಎಂದು ಹೇಳಿ, ಮೂಗಿನಿಂದ ಗದ್ದದವರೆಗೆ ಟವೆಲ್ಲು ಕಟ್ಟಿಕೊಂಡು ಗಾಡಿ ಓಡಿಸಿದೆ.