ಇದ್ದಿಲು ಟ್ಯಾಕ್ಸಿಯಲ್ಲಿ ವಿಮಾನದ ಹಾದಿ

ಈಗ ಹೇಳಹೊರಟಿರುವುದು ಹೀಗೆಯೇ ನಡೆಯಿತೆಂದು ನಾನು ಪ್ರಮಾಣ ಮಾಡಲಾರೆ. ಅಂದು ಸೋಮವಾರವೆಂಬುದು ಮಾತ್ರ ಖಚಿತ, ಯಾಕೆಂದರೆ ರಾಹುಕಾಲ ಏಳೂವರೆಗಿತ್ತು. ಟ್ಯಾಕ್ಸಿ ಹುಟ್ಟಿನಿಂದಲೇ ಕಪ್ಪಗಿತ್ತೋ, ಹಸಿರಾಗಿದ್ದದ್ದು ಮಸಿ ಹಿಡಿದು ಕಪ್ಪಾಗಿತ್ತೋ ಹೇಳಲಾರೆ. ನಮ್ಮ ಮಾವನವರು ಪೇಟ ಸುತ್ತಿದ್ದರೆಂದು ನನ್ನ ನೆನಪು. ಅವರು ಟೋಪಿ ಎನ್ನುತ್ತಾರೆ. ನನ್ನ ಹೆಂಡತಿ ನಾಗರತ್ನಳ ಪ್ರಕಾರ ಮಧ್ಯಾಹ್ನ ಮನೆಗೆ ಬಂದಾಗ ನಾನು ಅಳುತ್ತಿದ್ದೆ. ನನ್ನ ಪ್ರಕಾರ ಕಣ್ಣಿಗೆ ಹೊಗೆ ಹೋಗಿತ್ತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನಿಗೆ ಸಿಗುವ ಲಾಭ ಇದೊಂದೇ: ಅವನು ಯಾವುದನ್ನೂ ಸುಮ್ಮನೆ ನಂಬುವುದಿಲ್ಲ. ಈ ಲಾಭದಿಂದ ನನಗಾದ ನಷ್ಟದ ಕಥೆಯೇ ಇದು.

ಯುದ್ಧ ಮುಗಿದಿತ್ತು, ಪೆಟ್ರೋಲಿನ ರೇಷನ್ ಮುಗಿದಿರಲಿಲ್ಲ. ನಾನು ಹೊಸಕೋಟೆಯ ಹೈಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರು. ಖಾಯಂ ಮೇಷ್ಟ್ರು ಸೈನ್ಯಕ್ಕೆ ಹೋಗಿದ್ದರು. ಅವರು ಜೀವಂತವಾಗಿ ವಾಪಸು ಬರಲೆಂದು ಊರೆಲ್ಲ ಹಾರೈಸಿತ್ತು, ನಾನೂ ಸಭ್ಯತೆಗಾಗಿ ಹಾರೈಸಿದ್ದೆ. ಅವರು ಬಂದೇ ಬಿಟ್ಟರು! ಬೇಸಿಗೆ ರಜೆ ಬಂದರೆ ನನ್ನ ಕೆಲಸ ಹೋಗುತ್ತಿತ್ತು. ನಾವಿದ್ದದ್ದೋ ಮಾವನವರ ಮನೆಯಲ್ಲಿ. ಕೆಲಸವಿರುವ ಅಳಿಯ ಮಾವನ ಮನೆಯಲ್ಲಿದ್ದರೆ ಅವನು ಅತಿಥಿ. ಕೆಲಸವಿಲ್ಲದವನು ಇದ್ದರೆ ಅವನನ್ನು ಏನೆನ್ನುತ್ತಾರೆಂದು ಹೊಸಕೋಟೆಯ ಯಾವ ಜಗಲಿಯಲ್ಲಿ ಬೇಕಾದರೂ ಕೇಳಬಹುದಿತ್ತು.

ಇಂಥ ಹೊತ್ತಿನಲ್ಲಿ ಬೊಂಬಾಯಿಯ ಒಂದು ಪುಸ್ತಕದ ಕಂಪನಿಯಿಂದ ಕಾಗದ ಬಂತು. ಕನ್ನಡ ಪಠ್ಯಪುಸ್ತಕಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು; ಮಂಗಳವಾರ ಬೆಳಿಗ್ಗೆ ಸಂದರ್ಶನ; ರೈಲಿನಲ್ಲಿ ಸಕಾಲಕ್ಕೆ ಸೀಟು ಸಿಗುವ ಭರವಸೆ ಇಲ್ಲದ ಕಾರಣ ಸೋಮವಾರದ ವಿಮಾನದ ಟಿಕೆಟ್ಟನ್ನು ಇದರೊಡನೆ ಇಟ್ಟಿದೆ. ವಿಮಾನ! ಮೂರು ದಿನ ನಮ್ಮ ಬೀದಿಯವರು ಆ ಟಿಕೆಟ್ಟನ್ನು ನೋಡಲು ಬಂದರು. ಕೆಲವರು ಕಣ್ಣಿಗೊತ್ತಿಕೊಂಡರು.

ಟಿಕೆಟ್ಟಿನ ಹಿಂದೆ ಒಂದು ಸೂಚನೆ ಇತ್ತು. ಪ್ರಯಾಣಿಕರು ಬೆಂಗಳೂರು ನಗರದಲ್ಲಿರುವ ವಿಮಾನ ಕಂಪನಿಯ ಕಚೇರಿಗೆ ಬರತಕ್ಕದ್ದು, ಅಲ್ಲಿಂದ ಕಂಪನಿಯ ವ್ಯಾನಿನಲ್ಲಿ ಅವರನ್ನು ನಿಲ್ದಾಣಕ್ಕೆ ಒಯ್ಯಲಾಗುವುದು. ಇದನ್ನು ಓದಿ ನನಗೆ ನಗು ಬಂತು. ವಿಮಾನ ನಿಲ್ದಾಣ ಇರುವುದು ಬೆಂಗಳೂರಿನ ಪೂರ್ವಕ್ಕೆ. ಹೊಸಕೋಟೆ ಇರುವುದೂ ಪೂರ್ವಕ್ಕೆ. ನಿಲ್ದಾಣವನ್ನು ದಾಟಿ ನಗರಕ್ಕೆ ಹೋಗಿ, ನಗರದಿಂದ ತಿರುಗಿ ನಿಲ್ದಾಣಕ್ಕೆ ಬರಬೇಕೆ?

"ಎಲ್ರೂ ಹಾಗೇ ಹೋಗ್ತಾರಂತಲ್ರೀ," ಎಂದಳು ನಾಗು. "ಭಾನುವಾರಾನೇ ಬಸ್ಸಿಗೆ ಹೋಗಿ ನಮ್ಮ ಚಿಕ್ಕಮ್ಮನ ಮನೇಲಿ ಮಲಗಿದ್ರೆ ಆಯ್ತು. ವ್ಯಾನಿನೋರು ಕರ್ಕೊಂಡ್ಹೋಗ್ತಾರೆ."

"ಎಲ್ಲರೂ ಮಾಡುತ್ತಾರೆ ಅನ್ನೋದು ಒಂದು ಕಾರಣವಲ್ಲ, ನಾಗು. ಇಲ್ಲಿಂದಲೇ ಟ್ಯಾಕ್ಸಿ ಮಾಡಿದರೆ ಅರ್ಧ ಗಂಟೆಯ ದಾರಿ. ವಿಮಾನ ಹತ್ತಕ್ಕೆ. ಎಂಟಕ್ಕೆ ಹೊರಟರೆ ಸಾಕು."

ಅಲ್ಲಿಯವರೆಗೆ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದ ಮಾವನವರು ಒಂದು ಕಣ್ಣು ತೆರೆದರು. ಅವರು ಶಾನುಭೋಗಿಕೆ ಮಾಡಿ ನಿವೃತ್ತರಾದವರು. "ಸೋಮವಾರ ಎಂಟಕ್ಕಾ? ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ ಅಲ್ವೇ ಅಳಿಯಂದ್ರೇ? ಏಳಕ್ಕೇ ಹೊರಟ್ಬಿಡಿ."

ಇಲ್ಲಿ ನನ್ನ ವಿದ್ಯೆ ಎದ್ದು ನಿಂತಿತು. ಏಳಕ್ಕೆ ಹೊರಡಲು ನನಗೇನೂ ಕಷ್ಟವಿರಲಿಲ್ಲ. ನಾನು ಐದಕ್ಕೇ ಏಳುವವನು. ಆದರೆ ರಾಹುಕಾಲಕ್ಕೆ ಹೆದರಿ ಏಳಕ್ಕೆ ಹೊರಟರೆ ರಾಹುವನ್ನು ಒಪ್ಪಿಕೊಂಡಂತೆ. ಸಿದ್ಧಾಂತದ ಪ್ರಶ್ನೆ! "ನಾನು ಹೊರಡುವುದು ಎಂಟಕ್ಕೇ," ಎಂದು ಘೋಷಿಸಿದೆ. ಮರುದಿನ ಮಾವನವರು ಸಂಧಾನಕ್ಕೆ ಬಂದರು.

"ಆಯ್ತಪ್ಪಾ. ನೀವು ಎಂಟಕ್ಕೇ ಹೋಗಿ. ಆದ್ರೆ ಏಳಕ್ಕೆ ಒಂದು ಪ್ರಸ್ಥಾನ ಮಾಡಿಬಿಡೋಣ."

ಪ್ರಸ್ಥಾನವೆಂದರೆ, ಹೊರಡಬೇಕಾದವನು ಒಳ್ಳೆಯ ಗಳಿಗೆಯಲ್ಲಿ ಹೊರಡಲು ಆಗದಿದ್ದರೆ, ಅವನ ಗಂಟನ್ನೋ ಪೆಟ್ಟಿಗೆಯನ್ನೋ ಆ ಗಳಿಗೆಯಲ್ಲಿ ಮುಂದಾಗಿ ಹೊರಡಿಸಿ, ಹೋಗುವ ದಿಕ್ಕಿನಲ್ಲಿ ಯಾರದಾದರೂ ಮನೆಯಲ್ಲಿ ಇಟ್ಟಿರುವುದು. ಸಾಮಾನು ಹೊರಟಿತೆಂದರೆ ಮನುಷ್ಯ ಹೊರಟಂತೆಯೇ. ಆಮೇಲೆ ಅವನ ದೇಹ ಯಾವ ಕೆಟ್ಟ ಗಳಿಗೆಯಲ್ಲಿ ಹಿಂದಿನಿಂದ ಹೋದರೂ ಚಿಂತೆಯಿಲ್ಲ. ನನಗೂ ಇದು ಹಿಡಿಸಿತು. ಪೆಟ್ಟಿಗೆ ಆಸ್ತಿಕ, ನಾನು ನಾಸ್ತಿಕ. ಇಬ್ಬರ ಮರ್ಯಾದೆಯೂ ಉಳಿಯಿತು.

ಮಾವನವರು ಪೆಟ್ಟಿಗೆಯನ್ನು ಕೆರೆ ಏರಿಯ ಆಚೆಯ ಗೌಡರ ಮನೆಯಲ್ಲಿ ಇಟ್ಟರೆ ಸಾಕೆಂದರು. ಅಲ್ಲಿಗೇ ಬಿಟ್ಟಿದ್ದರೆ ನಾನು ಇಂದು ಬೊಂಬಾಯಿಯಲ್ಲಿರುತ್ತಿದ್ದೆ. ಆದರೆ ಓದಿದವನ ಕೈಗೆ ಒಂದು ಸಂಪ್ರದಾಯ ಸಿಕ್ಕರೆ ಅವನು ಅದನ್ನು ಸುಧಾರಿಸದೆ ಬಿಡುವುದುಂಟೆ! "ಹೇಗೂ ಟ್ಯಾಕ್ಸಿ ಬರುತ್ತದೆ. ಏಳಕ್ಕೆ ಪೆಟ್ಟಿಗೆಯನ್ನು ವಿಮಾನ ನಿಲ್ದಾಣಕ್ಕೇ ಮುಟ್ಟಿಸಿ ಬರಲಿ. ಅಲ್ಲಿ ತೂಕ ಹಾಕಿಸಿ ಒಳಗೆ ಕೊಟ್ಟುಬಿಟ್ಟರೆ ನನಗೆ ಆ ಹೊತ್ತು ಉಳಿಯುತ್ತದೆ," ಎಂದೆ. ಮಾವನವರು ಬೆರಗಾದರು. ಹನ್ನೆರಡು ಮೈಲಿಯ ಪ್ರಸ್ಥಾನವನ್ನು ಅವರ ವಂಶದಲ್ಲಿ ಯಾರೂ ಮಾಡಿರಲಿಲ್ಲ.

ಸೋಮವಾರ ಏಳಕ್ಕೆ ಸರಿಯಾಗಿ ಬಾಷಾ ಬಂದ. ಹೊಸಕೋಟೆಗೆಲ್ಲ ಅವನದೊಂದೇ ಟ್ಯಾಕ್ಸಿ. ಪೆಟ್ರೋಲು ಸಿಗದ ಕಾರಣ ಅದರ ಬೆನ್ನಿಗೆ ಒಂದು ಕಬ್ಬಿಣದ ಡ್ರಮ್ಮು ಕಟ್ಟಿದ್ದ. ಅದರೊಳಗೆ ಇದ್ದಿಲು ಉರಿಸಿದರೆ ಬರುವ ಅನಿಲದಿಂದ ಕಾರು ಓಡುತ್ತಿತ್ತು. ದೂರದಿಂದ ನೋಡಿದರೆ ಬಚ್ಚಲ ಹಂಡೆಯೊಂದು ಕಾರನ್ನು ಅಟ್ಟಿಸಿಕೊಂಡು ಬಂದಂತೆ ಕಾಣುತ್ತಿತ್ತು. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಬೀಗದ ಕೈಯನ್ನು ಅರಿಶಿನದ ದಾರದಲ್ಲಿ ಹಿಡಿಗೆ ಕಟ್ಟಿ, ಮಂತ್ರ ಹೇಳಿ ಹೊರಡಿಸಿದೆವು. ಅದರೊಳಗೆ ನನ್ನ ಸರ್ಟಿಫಿಕೇಟುಗಳು, ಬೂಟು, ಹೊಸದಾಗಿ ಹೊಲಿಸಿದ ಸೂಟು, ಒಂದು ಡಬ್ಬಿ ಕೋಡುಬಳೆ ಇದ್ದವು. ಪ್ರಯಾಣದಲ್ಲಿ ಸೂಟು ಮಸಿಯಾಗಬಾರದೆಂದು ನಾನು ಪಂಚೆಯಲ್ಲಿದ್ದೆ. ಟಿಕೆಟ್ಟು ನನ್ನ ಜೇಬಿನಲ್ಲಿತ್ತು. "ಪೆಟ್ಟಿಗೆಯನ್ನು ಸ್ವೀಕರಿಸಬೇಕಾಗಿ ವಿನಂತಿ, ಪೆಟ್ಟಿಗೆಯ ಒಡೆಯನು ಹಿಂದಿನಿಂದ ಬರುತ್ತಿದ್ದಾನೆ" ಎಂದು ಟಿಕೆಟ್ಟಿನ ನಂಬರು ಸಮೇತ ಒಂದು ಪತ್ರ ಬರೆದು ಬಾಷಾನ ಕೈಗೆ ಕೊಟ್ಟೆ.

ಎಂಟೂವರೆಗೆ ಬಾಷಾ ಗೆದ್ದವನಂತೆ ಹಿಂತಿರುಗಿದ. "ಕೊಟ್ಟೆ ಮೇಷ್ಟ್ರೇ! ತೂಕ ಮಾಡಿದ್ರು, ಚೀಟಿ ಅಂಟಿಸಿದ್ರು, ಒಳಗಿಟ್ಟು ಬಾಗ್ಲು ಹಾಕಿದ್ರು."

"ಶಹಭಾಸ್! ನಡಿ ಹೋಗೋಣ."

"ಹೋಗೋಣ. ಆದ್ರೆ ಇದ್ದಿಲು ಖಾಲಿ."

ನಾನು ಹನ್ನೆರಡು ಮೈಲಿಯ ದಾರಿಯನ್ನು ಲೆಕ್ಕ ಹಾಕಿದ್ದೆ. ಪ್ರಸ್ಥಾನದಿಂದಾಗಿ ಅದು ಮೂವತ್ತಾರು ಮೈಲಿಯಾಗುತ್ತದೆಂಬುದು ನನ್ನ ತರ್ಕಕ್ಕೆ ಹೊಳೆದಿರಲಿಲ್ಲ. ಸೋಮವಾರ ಪೇಟೆಯ ಇದ್ದಿಲಂಗಡಿ ತೆಗೆದಿರಲಿಲ್ಲ. ನಾಗು ನಮ್ಮ ಬಚ್ಚಲ ಮನೆಯಿಂದ ಎರಡು ಬುಟ್ಟಿ ಇದ್ದಿಲು ತಂದು ಸುರಿದಳು. ಅದು ಒದ್ದೆ.

"ಗಾಳಿ ಹೊಡೀಬೇಕು ಮೇಷ್ಟ್ರೇ," ಎಂದ ಬಾಷಾ, ಡ್ರಮ್ಮಿನ ಪಕ್ಕದ ಹಿಡಿ ತೋರಿಸಿ. "ನಾನು ಕಾಲಲ್ಲಿ ಪೆಡಲ್ ಒತ್ಕೊಂಡಿರ್ತೀನಿ. ನೀವು ತಿರುಗಿಸ್ತಾ ಇರಿ. ನಿಲ್ಲಿಸ್ಬೇಡಿ."

ಹೀಗೆ ಬಿ.ಎ. ಪದವೀಧರನೊಬ್ಬ, ರಾಹುಕಾಲದ ನಟ್ಟನಡುವೆ, ನಡುಬೀದಿಯಲ್ಲಿ, ಪಂಚೆ ಎತ್ತಿಕಟ್ಟಿ ಒಲೆ ಊದಲು ನಿಂತ. ಟಿಕೆಟ್ಟಿಗೆ ಕೈಮುಗಿದಿದ್ದ ಬೀದಿಯವರೆಲ್ಲ ಬಂದು ಸುತ್ತ ನೆರೆದರು. ಬಾಷಾ ಆಗಾಗ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿಯುತ್ತಿದ್ದ. ಅಲ್ಲಿ ನೀಲಿ ಉರಿ ಬಂದರೆ ಕಾರು ಹೊರಡುತ್ತದಂತೆ. ಬಂದದ್ದು ಹೊಗೆ. ಅದೂ ನನ್ನ ಮುಖಕ್ಕೇ.

"ಈಗ ಗಂಟೆ ಎಷ್ಟು?" ಎಂದೆ ಕೆಮ್ಮುತ್ತಾ.

"ಒಂಬತ್ತು ಅಳಿಯಂದ್ರೇ," ಎಂದರು ಮಾವನವರು ಸಂತೋಷದಿಂದ. "ರಾಹುಕಾಲ ಕಳೀತು. ಎಲ್ಲಾ ಒಳ್ಳೇದಕ್ಕೇ!" ಎಂದು ಹೇಳಿ, ವಿಮಾನ ನೋಡುವ ಆಸೆಯಿಂದ ಹಿಂದಿನ ಸೀಟಿನಲ್ಲಿ ಹತ್ತಿ ಕೂತರು.

ಆಗಲೇ ನೀಲಿ ಉರಿಯೂ ಬಂತು. ಒಂಬತ್ತಕ್ಕೆ ಹೊರಟ ಟ್ಯಾಕ್ಸಿ ಕೆರೆ ಏರಿಯ ಮೇಲೆ ನಡೆಯುವವರೊಂದಿಗೆ ಮಾತಾಡಿಕೊಂಡು ಹೋಗುವಷ್ಟು ವೇಗದಲ್ಲಿತ್ತು. ದಿಬ್ಬ ಬಂದಲ್ಲೆಲ್ಲ ನಾನು ಇಳಿದು ತಳ್ಳಿದೆ. ಮಾವನವರು ಇಳಿಯಲಿಲ್ಲ, ಪ್ರಯಾಣದ ನಡುವೆ ಇಳಿದರೆ ಪ್ರಸ್ಥಾನ ಕೆಡುತ್ತದಂತೆ. ರಾಗಿ ಹೊಲದ ಹೆಂಗಸರು ಕೆಲಸ ಬಿಟ್ಟು ನೋಡಿದರು. ಒಬ್ಬಳು, "ಯಾಕಣ್ಣ, ಎತ್ತು ಸಿಗ್ಲಿಲ್ವಾ?" ಎಂದು ಕೇಳಿದಳು. ಬಾಷಾ ಕಿಟಕಿಯಿಂದ ತಲೆ ಹಾಕಿ, "ಇಮಾನಕ್ಕೆ ಹೊಂಟವ್ರೆ ಕಣವ್ವಾ!" ಎಂದ. ಆ ಹೊಲದಲ್ಲಿ ಎದ್ದ ನಗು ನನಗೆ ಮುಂದಿನ ದಿಬ್ಬದವರೆಗೂ ಕೇಳಿಸುತ್ತಿತ್ತು.

ಕಡೆಗೂ ನಿಲ್ದಾಣಕ್ಕೆ ಹೊರಳುವ ಕವಲು ಬಂತು. ಎಡಕ್ಕೆ ಹೋದರೆ ನಿಲ್ದಾಣ, ಎರಡೇ ಮೈಲಿ. ನೇರ ಹೋದರೆ ನಗರ. ನನ್ನ ಗಡಿಯಾರದಲ್ಲಿ ಹತ್ತು ಹೊಡೆಯಲು ಒಂದು ನಿಮಿಷವಿತ್ತು. ಆಗ ಗುಡುಗಿದಂತೆ ಸದ್ದಾಯಿತು. ಮರಗಳ ಹಿಂದಿನಿಂದ ಬೆಳ್ಳಗಿನ ವಿಮಾನವೊಂದು ಎದ್ದು, ನಮ್ಮ ತಲೆಯ ಮೇಲೆ ಹಾದು, ಮೋಡದಲ್ಲಿ ಸೇರಿಹೋಯಿತು. ಮಾವನವರು ಕೈಮುಗಿದರು.

"ನಿಲ್ಲಿಸು ಬಾಷಾ," ಎಂದೆ. "ಮುಗಿಯಿತು."

"ಏನ್ ಮುಗೀತು? ಅಲ್ಲಿ ಇಮಾನ ರಿಪೇರಿ ಮಾಡೋ ಕಾರ್ಖಾನೆನೂ ಐತೆ ಮೇಷ್ಟ್ರೇ. ದಿನಾ ಹತ್ತಾರು ಮೇಲೇರ್ತವೆ, ಇಳೀತವೆ. ಇದೂ ಅಂಥದ್ದೇ ಇರ್ಬೋದು."

"ಬಾಷಾ, ತರ್ಕ ಮಾಡು. ವಿಮಾನ ಹೊರಡುವುದು ಹತ್ತಕ್ಕೆ. ಈಗ ಹತ್ತು. ಹೊರಟದ್ದು ವಿಮಾನ. ಆದ್ದರಿಂದ ಅದೇ ಇದು."

"ನಮ್ ಬಸ್ಸೂ ಹತ್ತಕ್ಕೇ ಹೊರಡ್ಬೇಕು. ಯಾವತ್ತಾದ್ರೂ ಹೊರಟೈತಾ?"

"ಅದು ಬಸ್ಸು. ಇದು ವಿಮಾನ!"

"ಎರಡು ಮೈಲಿ ಅಲ್ವೇ," ಎಂದರು ಮಾವನವರು. "ಹೋಗಿ ನೋಡಿ ಬಂದ್ರೆ ಏನ್ ಹೋಗತ್ತೆ?"

ಏನು ಹೋಗುತ್ತದೆಂದು ಅವರಿಗೆ ಹೇಳಲಿಲ್ಲ. ಕಾರಿನ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡಿದ್ದೆ. ಎರಡು ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಬಚ್ಚಲ ಇದ್ದಿಲು. ಸೂಟು ಹಾಕಿದ ಸಾಹೇಬರ ನಡುವೆ, ಮಂಡಿಯವರೆಗೆ ಕಟ್ಟಿದ ಪಂಚೆಯಲ್ಲಿ, ವಿಮಾನ ಹೋಯಿತೇ ಎಂದು ಕೇಳುವವನು ನಾನಾಗಬೇಕೆ? ಆ ಗಳಿಗೆಯಲ್ಲಿ ನನ್ನ ತರ್ಕಕ್ಕೆ ಬೆನ್ನೆಲುಬಾಗಿ ನಿಂತದ್ದು ನಾಚಿಕೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

"ನೇರ ನಗರಕ್ಕೆ ಬಿಡು," ಎಂದೆ. "ತಂತಿ ಕೊಡಬೇಕು."

ತಂತಿ ಕಚೇರಿ ಮುಟ್ಟಿದಾಗ ಹತ್ತೂ ಮುಕ್ಕಾಲು. ಮೆಟ್ಟಿಲು ಹತ್ತುವಾಗ ಮತ್ತೆ ಆಕಾಶದಲ್ಲಿ ಸದ್ದಾಯಿತು. ಮಾವನವರು ಹಣೆಗೆ ಕೈಯಿಟ್ಟು ನೋಡಿದರು.

"ಅಳಿಯಂದ್ರೇ, ಇನ್ನೊಂದು ಹೋಗ್ತಾ ಇದೆ!"

"ಅದು ಬೇರೆ ಯಾವುದೋ," ಎಂದೆ, ಪಾಠ ಹೇಳುವ ಧ್ವನಿಯಲ್ಲಿ. ಒಳಗೆ ಹೋಗಿ ತಂತಿ ಬರೆದೆ: "ವಿಮಾನ ತಪ್ಪಿತು. ಪೆಟ್ಟಿಗೆ ಬರುತ್ತಿರಬಹುದು. ಕ್ಷಮಿಸಿ."

ಹಿಂತಿರುಗುವಾಗ ಟ್ಯಾಕ್ಸಿ ಒಂದು ಕಡೆಯೂ ನಿಲ್ಲದೆ, ಪೆಟ್ರೋಲು ಕುಡಿದಂತೆ ಓಡಿತು! ದಾರಿಯಲ್ಲಿ ನಿಲ್ದಾಣಕ್ಕೆ ಹೋಗಿ ಪೆಟ್ಟಿಗೆ ಅಲ್ಲೇ ಉಳಿದಿದೆಯೇ ನೋಡೋಣವೆಂದು ಮಾವನವರು ಸೂಚಿಸಿದರು. ನಾನು ಕೇಳಿಸದವನಂತೆ ಕೂತೆ. ಮನೆಯ ಬಾಗಿಲಲ್ಲಿ ನಾಗು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಮೊದಲು ಬಚ್ಚಲಿಗೆ ಹೋಗಿ," ಎಂದಳು. ಅಷ್ಟೇ. ನೀರು ಕಾಯಿಸಲು ಮನೆಯಲ್ಲಿ ಇದ್ದಿಲಿರಲಿಲ್ಲ.

ಹದಿನೈದು ದಿನಕ್ಕೆ ಪೆಟ್ಟಿಗೆ ರೈಲಿನಲ್ಲಿ ಹಿಂತಿರುಗಿತು, ಒಂದು ಕಾಗದದ ಸಮೇತ. ತಾವು ವಿಮಾನದಲ್ಲಿ ಬಾರದ್ದರಿಂದ ತಮ್ಮನ್ನು ಎದುರುಗೊಳ್ಳಲು ಬಂದಿದ್ದ ನಮ್ಮ ಗುಮಾಸ್ತೆ ತಮ್ಮ ಪೆಟ್ಟಿಗೆಯನ್ನು ಬಿಡಿಸಿಕೊಂಡು ಬಂದರು. ಬೀಗದ ಕೈ ಅದರಲ್ಲೇ ಇದ್ದುದರಿಂದ ಸರ್ಟಿಫಿಕೇಟುಗಳನ್ನು ಪರಿಶೀಲಿಸಲಾಯಿತು. ಅವು ಬಹಳ ತೃಪ್ತಿಕರವಾಗಿವೆ. ಆದರೆ ಸಂದರ್ಶನಕ್ಕೆ ತಾವಿಲ್ಲದ ಕಾರಣ ಕೆಲಸವನ್ನು ಧಾರವಾಡದ ಒಬ್ಬ ಅಭ್ಯರ್ಥಿಗೆ ಕೊಡಬೇಕಾಯಿತು. ಕೋಡುಬಳೆಗಾಗಿ ವಂದನೆಗಳು.

"ಪೆಟ್ಟಿಗೆ ಪಾಸಾಗಿದೆ," ಎಂದಳು ನಾಗು, ಖಾಲಿ ಡಬ್ಬಿಯನ್ನು ಅಲ್ಲಾಡಿಸುತ್ತಾ. "ಅದನ್ನೇ ಕೆಲಸಕ್ಕೆ ಇಟ್ಕೊಂಡಿದ್ರೂ ಆಗ್ತಿತ್ತು. ಹೇಳಿದ ಕಡೆಗೆ ಹೇಳಿದ ಹೊತ್ತಿಗೆ ಹೋಗಿ ಕೂತಿದೆ. ಎದುರು ಮಾತಾಡಿಲ್ಲ."

ಮಾವನವರು ಒಳ್ಳೆಯವರು. ಆದರೆ ಆ ಬೇಸಿಗೆಯಿಂದ ಮನೆಗೆ ಬಂದವರಿಗೆ ನನ್ನನ್ನು ಪರಿಚಯಿಸುವಾಗ "ನಮ್ಮ ಅಳಿಯಂದಿರು, ಮೇಷ್ಟ್ರು" ಎಂಬುದರಲ್ಲಿ ಕೊನೆಯ ಪದವನ್ನು ಬಿಡತೊಡಗಿದರು. ನಾಲ್ಕು ವರ್ಷ ಅವರ ಜಮೀನಿನ ಕಾಗದಗಳ ನಕಲು ತೆಗೆಯುತ್ತಾ ಆ ಜಗಲಿಯಲ್ಲೇ ಕೂತೆ.

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಕೋಡುಬಳೆಯ ವಿಷಯ ಸುಳ್ಳಿರಬಹುದು. ಹೊಲದ ಹೆಂಗಸು ಕೇಳಿದ್ದು ಎತ್ತನ್ನೋ ಕತ್ತೆಯನ್ನೋ ನೆನಪಿಲ್ಲ. ಕಡೆಗೆ ಒಂದು ಸಂಗತಿಯನ್ನಾದರೂ ಇತ್ಯರ್ಥ ಮಾಡಿಕೊಳ್ಳೋಣವೆಂದು, ಅಂದು ಹತ್ತು ಗಂಟೆಗೆ ಹಾರಿದ್ದು ಯಾವ ವಿಮಾನವೆಂದು ಕೇಳಿ ವಿಮಾನ ಕಂಪನಿಗೆ ಬರೆದೆ. ಅವರು ರಿಜಿಸ್ಟರು ನೋಡಿ ಉತ್ತರ ಕೊಟ್ಟರು. ಹತ್ತಕ್ಕೆ ಹಾರಿದ್ದು ಕಾರ್ಖಾನೆಯವರು ಪರೀಕ್ಷೆಗೆ ಬಿಟ್ಟ ವಿಮಾನ. ಬೊಂಬಾಯಿಯ ವಿಮಾನ ಹೊರಟದ್ದು ಹತ್ತೂ ನಲವತ್ತಕ್ಕೆ. ಪೆಟ್ಟಿಗೆ ಮೊದಲೇ ಬಂದಿದ್ದರಿಂದ ಅದರ ಒಡೆಯನೂ ಬಂದೇ ಬರುತ್ತಾನೆಂದು ನಂಬಿ, ಅವನೊಬ್ಬನಿಗಾಗಿ ನಲವತ್ತು ನಿಮಿಷ ಕಾದಿದ್ದರು.