ಹೆಸರು ಕೇಳದ ಎಣಿಕೆ

ಗಡಿಯಾರ ರಿಪೇರಿಯವನ ವೆಬ್‌ಸೈಟನ್ನು ನರಪಿಳ್ಳೆಯೂ ನೋಡುವುದಿಲ್ಲ ಎಂದು ಅವನ ಹೆಂಡತಿಯ ಅಣ್ಣ ಬೆಳಿಗ್ಗೆಯೇ ಬಂದು ಹೇಳಿದ. ಭಾವನದು ಹಾಸಿಗೆ ಅಂಗಡಿ. ಅಲ್ಲಿ ಗಿರಾಕಿಗಳೆದುರು ಹಾಸಿಗೆಯ ಮೇಲೆ ಮಲಗಿ, ಸುಖವಾಗಿದೆ ಎಂದು ತೋರಿಸಲು ಒಬ್ಬ ನಂಬಿಕಸ್ಥ ಬೇಕಾಗಿದ್ದ.

“ಇವತ್ತು ಸಂಜೆಯೊಳಗೆ ಐವತ್ತು ಗಿರಾಕಿಗಳು ನೋಡಿದ್ರೆ ನಿನ್ನ ತಂಟೆಗೆ ಬರಲ್ಲ. ಇಲ್ಲಾಂದ್ರೆ ಈ ಅಂಗಡಿ ಮುಚ್ಚಿ ನನ್ನ ಜೊತೆ ಬಾ.”

“ಆಗಲಿ ಅಣ್ಣ,” ಎಂದು ಹೆಂಡತಿ ಗಂಡನ ಪರವಾಗಿ ಒಪ್ಪಿಕೊಂಡಳು.

ಈಗ ಎಣಿಸಲು ಏನಾದರೂ ಬೇಕಲ್ಲ. ಪುಕ್ಕಟೆ ಸಿಗುವ ದೊಡ್ಡ ತಂತ್ರಾಂಶಗಳು ಬಂದವರ ಊರು, ಫೋನು, ಎಷ್ಟು ಹೊತ್ತು ಏನು ನೋಡಿದರು ಎಲ್ಲವನ್ನೂ ಬರೆದುಕೊಂಡು ಎಲ್ಲಿಗೋ ಕಳಿಸುತ್ತಿದ್ದವು. ಇವನಿಗೆ ಮೈ ಉರಿಯಿತು.

“ಗಡಿಯಾರ ನೋಡೋಕೆ ಬಂದೋರ ಜೇಬಿಗೆ ನಾನ್ಯಾಕೆ ಕೈ ಹಾಕಲಿ?”

ಹುಡುಕಿ ಹುಡುಕಿ ಒಂದು ಪುಟ್ಟ ತಂತ್ರಾಂಶ ಆರಿಸಿ, ಮೇಜಿನ ಕೆಳಗಿದ್ದ ತನ್ನ ಹಳೇ ಕಂಪ್ಯೂಟರಿನಲ್ಲೇ ಕೂರಿಸಿದ. ಯಾರು, ಎಲ್ಲಿಯವರು ಎಂದು ಅದು ಕೇಳುತ್ತಿರಲಿಲ್ಲ. ಪುಟ ತೆರೆದರೆ ಅಂಕಿ ಒಂದು ಏರಿಸಿ ಸುಮ್ಮನಾಗುತ್ತಿತ್ತು.

ಹನ್ನೊಂದು ಗಂಟೆಗೆ ಅಂಕಿ ಒಂದಾಯಿತು. ಇವನು ಹಿಗ್ಗಿದ.

“ಅದು ನಾನು,” ಎಂದಳು ಹೆಂಡತಿ ಒಳಗಿನಿಂದ. “ಸೈಟು ಉಸಿರಾಡ್ತಿದೆಯಾ ಅಂತ ನೋಡಿದೆ.”

ಪಕ್ಕದ ಕ್ಷೌರದಂಗಡಿಯವನಿಗೆ ಸುದ್ದಿ ಮುಟ್ಟಿತು. ಸ್ನೇಹಿತನ ಮಾನದ ಪ್ರಶ್ನೆ ಎಂದು ಅವನು ಕುರ್ಚಿಯಲ್ಲಿ ಕೂತವರಿಗೆಲ್ಲ ಸೈಟು ತೆರೆಯಲು ಹೇಳಿದ. ಕತ್ತಿ ಕುತ್ತಿಗೆಯ ಹತ್ತಿರ ಇದ್ದದ್ದರಿಂದ ಯಾರೂ ಬೇಡವೆನ್ನಲಿಲ್ಲ. ಆದರೂ ಮಧ್ಯಾಹ್ನಕ್ಕೆ ಹದಿನಾಲ್ಕೇ ಆಯಿತು.

ಆಮೇಲೆ ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಇಳಿದು ಬಂದರು. ಒಬ್ಬರೇ ಎಷ್ಟು ಸಲ ತೆರೆದರೂ ಅಂಕಿ ಏರುತ್ತದೆ ಎಂದು ಕಂಡುಹಿಡಿದವರು ಅವರೇ. ಮೂವತ್ತು ವರ್ಷ ಕಾಗದಗಳಿಗೆ ಮುದ್ರೆ ಒತ್ತಿದ ಕೈ ಅದೇ ವೇಗದಲ್ಲಿ ಫೋನಿನ ಮೇಲೆ ಇಳಿಯತೊಡಗಿತು.

“ಸಾಕು ಸಾರ್, ಐವತ್ತು ದಾಟಿ ಎಷ್ಟೋ ಹೊತ್ತಾಯ್ತು.”

“ಇರಪ್ಪ, ಈಗ ತಾನೆ ಕೈ ಕುದುರಿದೆ.”

ಸಂಜೆಗೆ ಎರಡು ಸಾವಿರದ ಮುನ್ನೂರ ಆರು. ಕಾದುಹೋದ ಕಂಪ್ಯೂಟರಿಗೆ ಹೆಂಡತಿ ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಭಾವ ಬಂದವನೇ ಅಂಕಿ ನೋಡಿ ಕನ್ನಡಕ ಒರೆಸಿಕೊಂಡ. ಗೆದ್ದ ಸಂತೋಷಕ್ಕಿಂತ ಇವನಿಗೆ ನಾಚಿಕೆಯೇ ಹೆಚ್ಚಾಯಿತು. ಸುಳ್ಳು ದಕ್ಕಿಸಿಕೊಂಡು ಗೊತ್ತಿಲ್ಲದ ಬಡಪಾಯಿ, ಬಾಯಿ ಬಿಟ್ಟ.

“ಭಾವ, ಇದ್ರಲ್ಲಿ ಗಿರಾಕಿ ಒಬ್ಬರೂ ಇಲ್ಲ. ಎಲ್ಲಾ ಅಕ್ಕಪಕ್ಕದವರು. ಪೋಸ್ಟ್‌ಮಾಸ್ಟರ್ ಒಬ್ರದ್ದೇ ಎರಡು ಸಾವಿರ ಚಿಲ್ಲರೆ.”

ಭಾವ ಅಂಕಿಯ ಹತ್ತಿರಕ್ಕೆ ಬಗ್ಗಿದ. “ಅದು ಇದ್ರಲ್ಲಿ ಎಲ್ಲಾದ್ರೂ ಗೊತ್ತಾಗುತ್ತಾ?”

“ಇಲ್ಲ. ಯಾರು ಅಂತ ಅದು ಬರ್ಕೊಳ್ಳೋದೇ ಇಲ್ಲ.”

“ಬೇರೆಯವರು ಕೆದಕಿದ್ರೂ?”

“ಸಿಗಲ್ಲ. ಅದಕ್ಕೇ ಆರಿಸಿದ್ದು.”

ಭಾವನ ಮುಖ ಅರಳಿತು. ಹಾಸಿಗೆ ಅಂಗಡಿಯ ಸೈಟಿಗೆ ಯಾಕೆ ಜನ ಬರುತ್ತಿಲ್ಲವೆಂದು ಪಾಲುದಾರ ವರ್ಷದಿಂದ ಅವನ ತಲೆ ತಿನ್ನುತ್ತಿದ್ದನಂತೆ.

“ಮಲಗೋಕೆ ಇನ್ಯಾರಾದ್ರೂ ಸಿಗ್ತಾರೆ. ನೀನು ನಾಳೆಯಿಂದ ಬಂದು ನಮ್ಮ ಸೈಟಿಗೂ ಈ ಎಣಿಕೆ ಕೂರಿಸಿ ನೋಡ್ಕೋ.”

“ಐವತ್ತು ದಾಟಿದ್ರೆ ತಂಟೆಗೆ ಬರಲ್ಲ ಅಂದಿದ್ರಿ.”

“ಗಿರಾಕಿಗಳು ಐವತ್ತು ದಾಟಿದ್ರೆ ಅಂದಿದ್ದೆ. ಒಬ್ಬರೂ ಇಲ್ಲ ಅಂತ ನೀನೇ ತಾನೆ ಹೇಳಿದ್ದು?”

ಇವನು ಹೆಂಡತಿಯ ಮುಖ ನೋಡಿದ. ಅವಳು ರಟ್ಟು ಕೆಳಗಿಟ್ಟು, ಕಂಪ್ಯೂಟರನ್ನು ಯಾವುದರಲ್ಲಿ ಸುತ್ತಿ ಕಳಿಸುವುದೆಂದು ಹುಡುಕುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಪೋಸ್ಟ್‌ಮಾಸ್ಟರ್, ಹಾಸಿಗೆ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಭಾವನನ್ನು ಕೇಳಿದರು.