ಅತ್ತೆಯ ಚಕಮಕಿ ಬಂದೂಕು

ನಮ್ಮ ಅತ್ತೆಯ ಹತ್ತಿರ ಬಂದೂಕಿತ್ತು ಎಂದರೆ ನೀವು ನಂಬುವುದಿಲ್ಲ. ಆ ಬಂದೂಕಿನಿಂದ ಒಂದು ಗುಬ್ಬಿಯೂ ಸಾಯುವಂತಿರಲಿಲ್ಲ ಎಂದರೆ ಕೂಡಲೇ ನಂಬುತ್ತೀರಿ! ಠಾಣಾ ಕುಶನೂರಿನ ಜನ ಎರಡನ್ನೂ ನಂಬಿದ್ದರು. ನಂಬಿಯೂ ಅವಳಿಗೆ ಹೆದರುತ್ತಿದ್ದರು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಭಾಲ್ಕಿಯಲ್ಲಿ ಹುಟ್ಟಿ ಔರಾದ ತಾಲ್ಲೂಕಿನ ಕುಶನೂರಿಗೆ ಸೊಸೆಯಾಗಿ ಹೋದವಳು. ಮಕ್ಕಳಾಗಲಿಲ್ಲ. ಮಾಮಾ ಬಹಳ ಬೇಗ ಹೋಗಿಬಿಟ್ಟರು. ಊರ ಅಂಚಿನಲ್ಲಿ ಡೀಸೆಲ್ ಎಂಜಿನ್ನಿನ ಒಂದು ಹಿಟ್ಟಿನ ಗಿರಣಿಯನ್ನು ಬಿಟ್ಟುಹೋದರು. ಅದನ್ನು ಮಾರಿ ತವರಿಗೆ ಬಾ ಎಂದು ನಮ್ಮಪ್ಪ ಹೇಳಿದ್ದಕ್ಕೆ ಅವಳು, "ಎಂಜಿನ್ ಸುಮ್ನ ಇದ್ರ ಜಂಗ್ ಹಿಡೀತದ. ನಾ ಸುಮ್ನ ಇದ್ರ ನನಗೂ ಹಿಡೀತದ," ಎಂದಳಂತೆ. ಒಂದೇ ವಾರದಲ್ಲಿ ಹ್ಯಾಂಡಲ್ ತಿರುವಿ ಎಂಜಿನ್ ಶುರುಮಾಡುವುದನ್ನು ಕಲಿತಳು. ಅದು ಶುರುವಾಗದಿದ್ದರೆ ಬೈಯುವುದನ್ನೂ ಕಲಿತಳು. ಎರಡನೆಯದರಲ್ಲಿ ಅವಳ ಕೈ ಹೆಚ್ಚು ಪಳಗಿತ್ತು.

ಬಂದೂಕು ಬಂದದ್ದು ಹೇಗೆ? ಗಿರಣಿಯನ್ನು ತಿರುಗಿಸುವ ಬೆಲ್ಟು, ಅಂದರೆ ಪಟ್ಟಾ, ಹರಿದಿತ್ತು. ಹೊಸದನ್ನು ತರಲು ಹೈದರಾಬಾದಿಗೆ ಹೋದವಳು ಗುಜರಿ ಅಂಗಡಿಯೊಂದರ ಮುಂದೆ ನಿಂತುಬಿಟ್ಟಳು. ಸಿನಿಮಾದವರು ಬಿಟ್ಟ ಕಿರೀಟ, ಕತ್ತಿ, ಹಿತ್ತಾಳೆ ಕಹಳೆಗಳ ನಡುವೆ ಒಂದು ಉದ್ದನೆಯ ಬಂದೂಕು ಗೋಡೆಗೆ ಒರಗಿತ್ತು. ಹಳೆಯ ಕಾಲದ ವಿಲಾಯತಿ ಬಂದೂಕನ್ನು ನೋಡಿ ಈಗಿನವರು ಮಾಡಿದ ನಕಲು. ಮರದ ಹಿಡಿಯ ಮೇಲೆ ಯಾರೋ ಹಿಂದಿನ ಒಡೆಯ ಚಾಕುವಿನಿಂದ ತನ್ನ ಹೆಸರಿನ ಅಕ್ಷರ ಕೆತ್ತಿದ್ದ. ಅಂದರೆ ನಕಲಿ, ಅದೂ ಸೆಕೆಂಡ್ ಹ್ಯಾಂಡ್! ಅತ್ತೆ ಪಟ್ಟಾ ಬಿಟ್ಟು ಅದನ್ನೇ ಕೊಂಡಳು.

"ಅಲ್ಲ ಅತ್ತಿ, ನಕಲಿ ಅಂತ ಗೊತ್ತಿದ್ದೂ ಯಾಕ ತಂದಿ?" ಎಂದು ನಾನು ಕೇಳಿದೆ.

"ಅಂಗಡ್ಯಾವ ತಾನೇ ನಕಲಿ ಅದ ಅಂತ ಹೇಳ್ದ ನೋಡು. ಖರೇ ಹೇಳಿ ಮಾರಾವ್ರು ಈಗ ಎಲ್ಲಿ ಸಿಗ್ತಾರ? ಅವನ ಮಾತಿಗಿ ತಂದೀನಿ."

ಬೀದರ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಚಾದರದಲ್ಲಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಬಸ್ ಹತ್ತಿದಳು. ಕಂಡಕ್ಟರ್ ಬಂದ.

"ಇದೇನದ ಅವ್ವಾರ, ಚಾದರದಾಗ?"

"ಬಂದೂಕು."

ಕಂಡಕ್ಟರ್ ಹೊಟ್ಟೆ ಹಿಡಿದು ನಕ್ಕ. "ಬಂದೂಕಿಗಿ ಲಗೇಜ್ ಇಲ್ಲ ಬಿಡ್ರಿ. ಕೂಡ್ರಿ," ಎಂದ. ಜನವಾಡ ದಾಟಿದ ಮೇಲೆ ರಸ್ತೆಯ ಗುಂಡಿಗೆ ಚಾದರ ಜಾರಿತು. ನಳಿಗೆ ಹೊರಗೆ ಇಣುಕಿತು. ಹಿಂದಿನ ಉದ್ದ ಸೀಟಿನಲ್ಲಿ ಅವಳಿಗೆ ಒತ್ತಾಗಿ ಕೂತಿದ್ದವರಿಗೆಲ್ಲ ಒಮ್ಮೆಲೇ ಮುಂದೆ ನಿಂತು ಗಾಳಿ ತೆಗೆದುಕೊಳ್ಳುವ ಆಸೆಯಾಯಿತು. ಅತ್ತೆ ಊರು ಬರುವ ತನಕ ಕಾಲು ಚಾಚಿ ಮಲಗಿ ಬಂದಳು!

ಸುದ್ದಿ ಪೊಲೀಸರಿಗೆ ಮುಟ್ಟದೆ ಇರುತ್ತದೆಯೇ? ಕರೆ ಬಂತು. ಅತ್ತೆ ಬಂದೂಕು ಹೊತ್ತುಕೊಂಡೇ ಠಾಣೆಗೆ ಹೋದಳು. ಜೊತೆಗೆ ನಾನೂ ಇದ್ದೆ. ಫೌಜದಾರರು ವಯಸ್ಸಿನಲ್ಲಿ ಚಿಕ್ಕವರು, ಮೀಸೆಯಲ್ಲಿ ದೊಡ್ಡವರು.

"ಲೈಸೆನ್ಸ್ ಅದ ಏನ್ರಿ, ಬಾಯಿ?"

"ಸಾಹೇಬ್ರ, ಇದು ಬಂದೂಕು ಹೌದೋ ಅಲ್ಲೋ ಮೊದಲ ನೋಡ್ರಿ. ಹೌದು ಅಂದ್ರ ಆಮ್ಯಾಲ ಲೈಸೆನ್ಸ್ ಮಾತು."

ಬಂದೂಕುಗಳ ವಿಷಯ ತಿಳಿದ ಒಬ್ಬ ಹಿರಿಯ ಜಮಾದಾರರನ್ನು ಕರೆಸಿದರು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಮಗೆಲ್ಲ ಪಾಠ ಮಾಡಿದರು. ಇಂಥ ಬಂದೂಕಿಗೆ ನಳಿಗೆಯ ಬಾಯಿಂದಲೇ ಮದ್ದು ಹಾಕಿ, ಗುಂಡು ಹಾಕಿ, ಸಲಾಕೆಯಿಂದ ಜಡಿಯಬೇಕಂತೆ. ಪಕ್ಕದ ಕೊಕ್ಕೆ ಒಂದು ಚಕಮಕಿ ಕಲ್ಲನ್ನು ಕಚ್ಚಿಕೊಂಡಿರುತ್ತದೆ. ಒತ್ತಿದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಆ ಕಿಡಿ ಒಂದು ಸಣ್ಣ ತೂತಿನಿಂದ ಒಳಗೆ ಹೋಗಿ ಮದ್ದಿಗೆ ಬೆಂಕಿ ಹತ್ತಬೇಕು. ಇದರಲ್ಲಿ ಎಲ್ಲವೂ ಇತ್ತು, ನಳಿಗೆಯೊಳಗೆ ರೈಫಲಿಗೆ ಇರುವಂಥ ಸುರುಳಿ ಗೀರುಗಳೂ ಇದ್ದವು. ಆ ತೂತು ಮಾತ್ರ ಇರಲಿಲ್ಲ.

"ಕಿವೀನೇ ಚುಚ್ಚಿಲ್ಲ ಸರ್ ಇದಕ್ಕ. ಕಿಡಿ ಹಾರ್ತದ, ಗುಂಡು ಹಾರಂಗಿಲ್ಲ," ಎಂದರು ಜಮಾದಾರರು.

"ಆಟಿಗಿ ಸಾಮಾನು!" ಎಂದು ಫೌಜದಾರರು ಬಂದೂಕು ಎತ್ತಿ ಒತ್ತಿಯೇಬಿಟ್ಟರು. ಚಟ್ ಎಂದು ಕಿಡಿ ಸಿಡಿಯಿತು. ಸಾಹೇಬರು ಕುರ್ಚಿಸಮೇತ ಹಿಂದಕ್ಕೆ ಸರಿದರು.

"ಆಟಿಗಿ ಸಾಮಾನಿಗಿ ಅಷ್ಟು ಯಾಕ ಅಂಜಿದ್ರಿ, ಸಾಹೇಬ್ರ?" ಎಂದಳು ಅತ್ತೆ. ಅವಳ ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ.

ಅಂದಿನಿಂದ ಅವಳ ಮನೆಯಲ್ಲಿ ಕಡ್ಡಿಪೆಟ್ಟಿಗೆ ನಿಂತುಹೋಯಿತು. ಬೆಳಿಗ್ಗೆ ಒಣಗಿದ ಹತ್ತಿಯ ಮೇಲೆ ಬಂದೂಕಿನಿಂದ ಕಿಡಿ ಬೀಳಿಸಿ ಒಲೆ ಹೊತ್ತಿಸುತ್ತಿದ್ದಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚಹದ ಪಾತ್ರೆಗೆ ಬಂದೂಕು ಗುರಿಯಿಟ್ಟ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆ ಚಹವನ್ನೂ ಕುಡಿದಿದ್ದೇನೆ.

ಆಮೇಲೆ ಮಳೆ ಕೈಕೊಟ್ಟಿತು. ಒಂದು ವರ್ಷ ಹೇಗೋ ಕಳೆಯಿತು. ಮರುವರ್ಷ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಬೀಸಲು ಜೋಳವೇ ಇಲ್ಲವೆಂದ ಮೇಲೆ ಗಿರಣಿ ಯಾಕೆ? ಎಂಜಿನ್ ಸುಮ್ಮನಾಯಿತು. ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೂ ಪುಣೆಗೂ ಕಟ್ಟಡದ ಕೆಲಸಕ್ಕೆ ಹೊರಟರು. ಬಸ್ ಹತ್ತುವ ಮುಂಚೆ ಒಬ್ಬೊಬ್ಬರೂ ಗಿರಣಿಯ ಮುಂದೆ ನಿಂತು, "ಮನಿ ಕಡಿ ಸ್ವಲ್ಪ ಲಕ್ಷ್ಯ ಇರ್ಲಿ ಬಾಯಿ," ಎಂದು ಹೇಳಿ ಹೋದರು.

ಅತ್ತೆ ಆ ಮಾತನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಹೆಗಲಿಗೆ ಬಂದೂಕು ಏರಿಸಿ ಓಣಿ ಸುತ್ತುತ್ತಿದ್ದಳು. ಪ್ರತಿ ಬಾಗಿಲ ಮುಂದೆ ನಿಂತು ಬೀಗ ಜಗ್ಗಿ ನೋಡುತ್ತಿದ್ದಳು. ಆಮೇಲೆ ಬಾಗಿಲಿಗೇ, "ಬರ್ತಾರ, ಬರ್ತಾರ," ಎಂದು ಹೇಳಿ ಮುಂದೆ ಹೋಗುತ್ತಿದ್ದಳು. ಮೊದಮೊದಲು ಉಳಿದವರು ನಕ್ಕರು. ನಗುವವರೂ ಒಬ್ಬೊಬ್ಬರಾಗಿ ಬಸ್ ಹತ್ತಿದ ಮೇಲೆ ಅವರ ಬಾಗಿಲಿಗೂ ಅದೇ ಮಾತು ಹೇಳಿದಳು.

ಬೇಸಿಗೆ ಶುರುವಾದಾಗ ಜಿಂಕೆಗಳು ಬಂದವು. ನಮ್ಮ ಕಡೆ ಅವಕ್ಕೆ ಚಿಗರಿ ಅನ್ನುತ್ತಾರೆ. ಮೊದಲೆಲ್ಲ ಊರಾಚೆಯ ಬೋಳು ಗುಡ್ಡದಲ್ಲಿ ಮೇಯುತ್ತಿದ್ದವು, ಮನುಷ್ಯರನ್ನು ಕಂಡರೆ ಗಾಳಿಯಾಗುತ್ತಿದ್ದವು. ಹಳ್ಳಗಳೆಲ್ಲ ಬತ್ತಿದ ಮೇಲೆ ಪಾಪ ಎಲ್ಲಿಗೆ ಹೋಗಬೇಕು? ಗಿರಣಿಯ ಹಿಂದೆ ಎತ್ತುಗಳಿಗೆ ನೀರು ಕುಡಿಸುವ ಕಲ್ಲಿನ ಡೋಣಿ ಇತ್ತು. ಒಂದು ಸಂಜೆ ಅತ್ತೆ ನೋಡುತ್ತಾಳೆ, ಒಂದು ಹೆಣ್ಣು ಜಿಂಕೆ ಆ ಒಣ ಕಲ್ಲನ್ನು ನೆಕ್ಕುತ್ತಿದೆ. ಮರುದಿನದಿಂದ ಟ್ಯಾಂಕರಿನಲ್ಲಿ ತನ್ನ ಪಾಲಿಗೆ ಸಿಕ್ಕ ನೀರಿನಲ್ಲಿ ಒಂದು ಕೊಡ ಡೋಣಿಗೆ ಸುರಿಯತೊಡಗಿದಳು. ಪಾತ್ರೆಗಳನ್ನು ಒಣ ಬೂದಿಯಲ್ಲೇ ಉಜ್ಜಿದಳು. ಜಳಕ ವಾರಕ್ಕೊಮ್ಮೆಗೆ ಬಂತು.

ಪಕ್ಕದ ಮನೆಯ ರುಕ್ಮಾಬಾಯಿಗೆ ಇದು ತಡೆಯಲಿಲ್ಲ. ಅವಳ ಗಂಡ ಪುಣೆಗೆ ಹೋಗಿದ್ದ. ಮಕ್ಕಳನ್ನೂ ಮುದಿ ಅತ್ತೆಯನ್ನೂ ಕಟ್ಟಿಕೊಂಡು ಅವಳು ಊರಲ್ಲೇ ಉಳಿದಿದ್ದಳು.

"ನಮ್ಮ ಹುಡುಗ್ರು ಬಿಸಿಲಾಗ ಪಾಳಿ ಹಚ್ಚಿ ಕೂಡ್ತಾವ. ನೀ ಅಡವಿ ಪ್ರಾಣಿಗಿ ನೀರು ಸುರೀತಿ!" ಎಂದು ಕೂಗಾಡಿದಳು.

"ನನ್ನ ಕೊಡದಾಗಿಂದು ಹಾಕ್ತೇನಿ. ನಿನಗೇನು?"

"ಕೊಡ ನಿಂದು ಇದ್ರ ನೀರೂ ನಿಂದೇನು?"

ಅಂದಿನಿಂದ ಅತ್ತೆ ದಿನವೂ ರುಕ್ಮಾಬಾಯಿಯ ಹೊಸ್ತಿಲಲ್ಲಿ ಒಂದು ತಂಬಿಗೆ ನೀರು ಇಟ್ಟುಬಂದಳು. ಡೋಣಿಗೆ ಸುರಿಯುವುದನ್ನೂ ಬಿಡಲಿಲ್ಲ. ರುಕ್ಮಾಬಾಯಿ ತಂಬಿಗೆಯ ನೀರನ್ನು ತೆಗೆದುಕೊಂಡಳು, ಮಾತು ಮಾತ್ರ ಬಿಟ್ಟಳು.

ನಾನು ಬೀದರದಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ರಜೆಗೆಂದು ಆ ಬೇಸಿಗೆಯಲ್ಲಿ ಕುಶನೂರಿಗೆ ಹೋದೆ. ಹೋದ ಮೂರೋ ನಾಲ್ಕೋ ದಿನಕ್ಕೆ, ಇನ್ನೂ ಹೊತ್ತು ಮುಳುಗಿರಲಿಲ್ಲ, ಒಂದು ಜೀಪು ಬಂದು ಗಿರಣಿಯ ಹಿಂದೆ ನಿಂತಿತು. ಮೂವರು ಇಳಿದರು. ನಡುವಯಸ್ಸಿನವನೊಬ್ಬ, ಹರೆಯದವರಿಬ್ಬರು. ಹರೆಯದವನೊಬ್ಬನ ಕೈಯಲ್ಲಿ ಬಂದೂಕಿತ್ತು. ಅದು ಅಸಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಜಿಂಕೆಗಳು ಡೋಣಿಗೆ ಬರುವ ಸುದ್ದಿ ಅವರಿಗೆ ಎಲ್ಲಿಂದಲೋ ತಲುಪಿತ್ತು.

"ಅವ್ವಾ, ನೀ ಒಳಗ ಹೋಗು. ಸ್ವಲ್ಪ ಹೊತ್ತಿನ ಕೆಲಸ. ನಿನಗೂ ಪಾಲು ಕೊಡ್ತೇವಿ," ಎಂದ ಬಂದೂಕಿನವನು.

ಅತ್ತೆ ಒಳಗೆ ಹೋದಳು ನಿಜ. ಹೋದವಳು ತನ್ನ ಬಂದೂಕು ಹಿಡಿದು ಹೊರಗೆ ಬಂದಳು! ಕೊಕ್ಕೆಯನ್ನು ಹಿಂದಕ್ಕೆ ಎಳೆದು, ನಳಿಗೆಯನ್ನು ನೇರ ಅವನ ಎದೆಗೆ ಹಿಡಿದಳು. ಇಬ್ಬರು ಎರಡು ಹೆಜ್ಜೆ ಹಿಂದೆ ಸರಿದರು. ಬಂದೂಕಿನವನು ಮಾತ್ರ ಸರಿಯಲಿಲ್ಲ. ಕತ್ತು ಬಾಗಿಸಿ ಪಕ್ಕದಿಂದ ಅದನ್ನು ನೋಡಿದ. ಜಮಾದಾರರು ನೋಡಿದ್ದನ್ನೇ ಅವನೂ ನೋಡಿದ. ಜೋರಾಗಿ ನಕ್ಕ.

"ಇದಕ್ಕ ತೂತೇ ಇಲ್ಲಲ್ಲೋ! ನಕಲಿ ಮಾಲ್ ಅದ!"

ಯಾರಿಗಾದರೂ ತಿಳಿಸೋಣವೆಂದು ಫೋನ್ ತೆಗೆದೆ, ಅದು ಕೈಜಾರಿ ಕೆಳಗೆ ಬಿತ್ತು.

"ಹೌದು, ನಕಲಿ ಅದ," ಎಂದಳು ಅತ್ತೆ. ಬಂದೂಕನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. ನಾಲ್ಕು ಹೆಜ್ಜೆ ನಡೆದು ಡೋಣಿಯ ಅಂಚಿನ ಮೇಲೆ ಕೂತಳು. ಸೆರಗನ್ನು ಸರಿಮಾಡಿಕೊಂಡಳು. "ನಿಂದು ಅಸಲಿ ಅದಲ್ಲ? ಹೊಡಿ."

ಅವನ ನಗು ನಿಂತಿತು. "ನಿನಗ್ಯಾಕ ಹೊಡೀಬೇಕು ಮುದುಕಿ? ನಾವು ಬಂದದ್ದು ಚಿಗರಿಗಿ."

"ಚಿಗರಿಗಿ ಇಲ್ಲಿಗಿ ಕರ್ದಾಕಿ ನಾ. ನೀರು ಇಟ್ಟು ಕರ್ದೀನಿ. ಕರ್ದ ಮ್ಯಾಲ ಅವು ನನಗ ಬೀಗರು ಇದ್ದಂಗ. ಮನಿಗಿ ಬಂದ ಬೀಗರಿಗಿ ಹೊಡಿಸಾಕಿ ನಾ ಅಲ್ಲ."

"ಏ, ಏಳು ಮ್ಯಾಲ!" ಎಂದು ಇನ್ನೊಬ್ಬ ಹುಡುಗ ಅವಳ ರಟ್ಟೆಗೆ ಕೈಹಾಕಿದ.

ಆಗ ಹಿಂದಿನಿಂದ ಕೊಡ ಕುಕ್ಕಿದ ಸದ್ದಾಯಿತು. ರುಕ್ಮಾಬಾಯಿ! ಸೊಂಟದ ಖಾಲಿ ಕೊಡವನ್ನು ನೆಲಕ್ಕೆ ಕುಕ್ಕಿ, ಬಂದು ಅತ್ತೆಯ ಪಕ್ಕದಲ್ಲಿ ಅದೇ ಡೋಣಿಯ ಅಂಚಿಗೆ ಕೂತಳು.

"ನೋಡು ತಮ್ಮಾ, ಈಕಿ ಸಂಗಟ ನಂದು ಮಾತಿಲ್ಲ. ಈಕಿ ಮಾಡೂದು ನನಗ ಸೇರಂಗಿಲ್ಲ. ಆದ್ರ ಈಕಿ ಮೈಯಾಗ ಕೈ ಹಚ್ಚಿದ್ರ ನೀ ನನ್ನ ಸಂಗಟ ಮಾತಾಡಬೇಕಾಗ್ತದ. ಬಿಡು ಕೈ!"

ಹುಡುಗ ಕೈ ಬಿಟ್ಟ. ನಡುವಯಸ್ಸಿನವನು ಅಷ್ಟು ಹೊತ್ತೂ ಡೋಣಿಯ ತಳದಲ್ಲಿದ್ದ ಆ ಒಂದಿಷ್ಟು ನೀರನ್ನೇ ನೋಡುತ್ತಿದ್ದ. ಅವನು ಯಾವ ಊರಿನವನೋ, ಅವನ ಊರಲ್ಲಿ ನೀರು ಎಷ್ಟಿತ್ತೋ. "ನಡೀರಿ," ಎಂದ ಸಣ್ಣ ದನಿಯಲ್ಲಿ. ಬಂದೂಕಿನವನು ಏನೋ ಹೇಳಲು ಹೋದಾಗ, "ನಡೀರಿ ಅಂದೀನಿ!" ಎಂದು ಗದರಿ ಜೀಪು ಹತ್ತಿದ. ಅವರು ಹೋದರು. ಮತ್ತೆ ಬರಲಿಲ್ಲ.

ರುಕ್ಮಾಬಾಯಿ ಎದ್ದು ಕೊಡ ಎತ್ತಿಕೊಂಡಳು. ಅತ್ತೆಯ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದಳು, "ನಿಮ್ಮತ್ತಿಗಿ ಹೇಳವಾ, ನಾ ಇನ್ನಾ ಮಾತು ಬಿಟ್ಟಾಕಿನೇ ಇದ್ದೀನಿ ಅಂತ."

ಮುಂದಿನ ವರ್ಷ ಮಳೆ ಬಂತು. ಬೀಗಗಳು ಒಂದೊಂದಾಗಿ ತೆರೆದವು. ಕೆಲವು ತೆರೆಯಲೇ ಇಲ್ಲ, ಅತ್ತೆ ಅವುಗಳ ಮುಂದೆ ನಿಲ್ಲುವುದನ್ನೂ ಬಿಡಲಿಲ್ಲ. ಗಿರಣಿ ಶುರುವಾದ ದಿನ ರುಕ್ಮಾಬಾಯಿ ಜೋಳದ ಬುಟ್ಟಿ ತಂದಳು. ಬೀಸಿದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ಇಷ್ಟು ದಪ್ಪ ಬೀಸಿದ್ರ ರೊಟ್ಟಿ ಹ್ಯಾಂಗ ಬಡೀಲಿ?" ಎಂದು ಜಗಳ ತೆಗೆದಳು. ಮಾತು ಮತ್ತೆ ಶುರುವಾದದ್ದು ಹಾಗೆ! ಅತ್ತೆ ಆ ದಿನ ಸಂಜೆಯ ತನಕ ಖುಷಿಯಾಗಿದ್ದಳಂತೆ.

ಇವೆಲ್ಲ ಆಮೇಲಿನ ಮಾತು. ಜೀಪು ಹೋದ ಆ ಸಂಜೆ ಏನಾಯಿತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ರುಕ್ಮಾಬಾಯಿ ಹೋದ ಮೇಲೂ ಅತ್ತೆ ಡೋಣಿಯಿಂದ ಏಳಲಿಲ್ಲ. ಜಿಂಕೆಗಳಿಗಾಗಿ ಕಾಯುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅವಳ ಮೊಣಕಾಲುಗಳು ಸೀರೆಯೊಳಗೆ ಅದುರುತ್ತಿದ್ದವು. ಏಳಲು ಆಗುತ್ತಿರಲಿಲ್ಲ. ತೋಳು ಹಿಡಿದು ಎಬ್ಬಿಸಿದೆ. ಎಂಜಿನ್ನಿನ ಹ್ಯಾಂಡಲ್ ತಿರುವುವ ಹೆಂಗಸು, ಎಷ್ಟು ಹಗುರ ಇದ್ದಳು! ಒಳಗೆ ಕೂರಿಸಿ ಚಹ ಮಾಡಿ ಕೊಟ್ಟೆ. ಬಸಿಯನ್ನು ನಾನೇ ಹಿಡಿದು ಕುಡಿಸಿದೆ.

"ಅಂಜಿದಿಯೇನ, ಅತ್ತಿ?"

"ಭಾಳ ಅಂಜಿದ್ನೆವ್ವಾ," ಎಂದಳು. ಒಂದು ಮಗು ಹೇಳುವಷ್ಟು ಸಲೀಸಾಗಿ. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮ ಮಾಮಾ ಹೋದ ಮ್ಯಾಲ ಬಾಜೂಕ ಯಾರರ ಇರಬೇಕು ಅಂತ ನನಗ ಎಂದೂ ಅನಿಸಿದ್ದಿಲ್ಲ. ಇವತ್ತ ಅನಿಸ್ಲಿಕತ್ತದ. ಕೂಡ್ತಿಯೇನು ಒಂದೀಟು?" ಎಂದಳು.

ಕೂತೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಕಾಲು ಮಡಚಿ ಮಲಗಿದಳು. ಅದುರುವುದು ನಿಧಾನಕ್ಕೆ ಕಡಿಮೆಯಾಗಿ, ಉಸಿರು ಸಮವಾಗಿ, ನಿದ್ದೆ ಹತ್ತಿತು. ನನ್ನ ಕಾಲು ಜೋಮು ಹಿಡಿಯಿತು. ಅಲುಗಾಡಿದರೆ ಎಚ್ಚರವಾದೀತೆಂದು ಹಾಗೇ ಕೂತೆ.